ಬೇಲಿಯೊಳಗಿನ ಬೇಸರ



ನಮ್ಮಲ್ಲಿ ಮದುವೆಯ ಆರತಕ್ಷತೆಗೆ ವಾದ್ಯಗೋಷ್ಠಿ ಇಟ್ಟರೆ ತಪ್ಪದೆ ಕೇಳಿಬರುವ ಭಾವಗೀತೆಗಳಲ್ಲಿ ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ಯೂ ಒಂದು. ಹೂವಿನ ಮಂಟಪದ ಮುಂದೆ ಗಂಡು ಹೆಣ್ಣು ಉಡುಗೊರೆ ತೆಗೆದುಕೊಳ್ಳುತ್ತ, ಫೋಟೋದವನು ಹೇಳಿದ ಕಡೆ ತಿರುಗುತ್ತ ನಿಂತಿರುತ್ತಾರೆ. ಪಕ್ಕದ ವೇದಿಕೆಯಲ್ಲಿ ಗಾಯಕ ಕಣ್ಣು ಮುಚ್ಚಿ ಹಾಡುತ್ತಿರುತ್ತಾನೆ. ಅವನು ಹಾಡುತ್ತಿರುವುದಾದರೂ ಏನು? ಹೂವಿನ ಹಾಸಿಗೆ, ತಿಂಗಳ ಬೆಳಕು, ಅಪ್ಪುಗೆ, ಮುತ್ತು ಎಲ್ಲ ಸಿಕ್ಕಿತಲ್ಲ, ಇಷ್ಟಾದ ಮೇಲೂ ನಿನಗೆ ಬೇಸರ ಯಾತಕ್ಕೆ ಬಂತು ಎಂದು! ತಾಳಿ ಕಟ್ಟಿದ ದಿನವೇ ಕೇಳುವ ಪ್ರಶ್ನೆಯೇ ಇದು? ಆದರೂ ಯಾರಿಗೂ ಮುಜುಗರವಾಗುವುದಿಲ್ಲ. ರಾಗ ಹಿತವಾಗಿದೆ. ಮುರಲಿ ಇದೆ, ಬೃಂದಾವನ ಇದೆ, ಆದ್ದರಿಂದ ರಾಧಾಕೃಷ್ಣರ ಪ್ರೇಮಗೀತೆಯೇ ಇರಬೇಕು ಎಂದುಕೊಂಡು ಜನ ಊಟದ ಪಂಕ್ತಿಗೆ ಏಳುತ್ತಾರೆ.

ಇದನ್ನು ಹಾಸ್ಯಕ್ಕೆ ಹೇಳಿದೆ, ನಿಜ. ಆದರೆ ಒಂದು ಹಾಡು ತೀರಾ ಜನಪ್ರಿಯವಾದಾಗ ಅದರ ಮಾತು ಕಿವಿಗೆ ಬೀಳುವುದು ನಿಂತುಹೋಗುತ್ತದೆ. ‘ಮೋಹನ ಮುರಳಿ’ಗೆ ಆಗಿರುವುದು ಅದೇ. ಕನ್ನಡದಲ್ಲಿ ಒಳಗಿನ ಹೋರಾಟವನ್ನು ಕುರಿತು ಬಂದ ಹಾಡುಗಳಲ್ಲಿ ಇದಕ್ಕಿಂತ ಹರಿತವಾದದ್ದು ನನಗೆ ಸುಲಭಕ್ಕೆ ನೆನಪಾಗುವುದಿಲ್ಲ. ಇವತ್ತು ಅದರ ಅರ್ಥವನ್ನು ನಿಧಾನವಾಗಿ ನೋಡೋಣ. ಸಾಲುಗಳನ್ನು ನಾನು ಹಾಡಿ ತೋರಿಸುವುದಿಲ್ಲ. ನಿಮ್ಮಲ್ಲಿ ಹೆಚ್ಚಿನವರಿಗೆ ಅವು ಬಾಯಿಗೇ ಬರುತ್ತವೆ. ನಾನು ಹೇಳುತ್ತ ಹೋದಂತೆ ನೀವು ಮನಸ್ಸಿನಲ್ಲೇ ಗುನುಗಿಕೊಳ್ಳಿ.

ಅಡಿಗರು ಹುಟ್ಟಿದ್ದು 1918ರಲ್ಲಿ, ಈಗಿನ ಉಡುಪಿ ಜಿಲ್ಲೆಯ ಮೊಗೇರಿಯಲ್ಲಿ. ತೀರಿಕೊಂಡದ್ದು 1992ರಲ್ಲಿ. ಇಂಗ್ಲಿಷ್ ಮೇಷ್ಟ್ರು, ಸಾಗರ ಮತ್ತು ಉಡುಪಿಯ ಕಾಲೇಜುಗಳಲ್ಲಿ ಪ್ರಾಂಶುಪಾಲರು, 1962ರಿಂದ ‘ಸಾಕ್ಷಿ’ ಪತ್ರಿಕೆಯ ಸಂಪಾದಕರು, 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಸಾಹಿತ್ಯ ಚರಿತ್ರೆಯವರು ಅವರನ್ನು ನವ್ಯಕಾವ್ಯದ ಪ್ರವರ್ತಕ ಎನ್ನುತ್ತಾರೆ. 1954ರ ‘ಚಂಡೆಮದ್ದಳೆ’, 1959ರ ‘ಭೂಮಿಗೀತ’ ಸಂಕಲನಗಳಿಂದ ಕನ್ನಡ ಕವಿತೆಯ ಲಯವೇ ಬದಲಾಯಿತು. ಹಾಡಿಕೊಳ್ಳುವ ಕವಿತೆಗೆ ಬೆನ್ನು ತಿರುಗಿಸಿ, ಮಾತಿನ ಒರಟು, ವ್ಯಂಗ್ಯ, ಗದ್ದಲಗಳನ್ನೆಲ್ಲ ಒಳಗೆ ಬಿಟ್ಟುಕೊಂಡವರು ಅಡಿಗರು. ಅಂಥವರನ್ನು ಜನಸಾಮಾನ್ಯರು ನೆನಪಿಟ್ಟುಕೊಂಡಿರುವುದು ಮಾತ್ರ ಅದಕ್ಕೂ ಮುಂಚಿನ, ನವೋದಯದ ನುಣುಪು ಇನ್ನೂ ಆರದಿದ್ದ ಕಾಲದ ಗೀತೆಗಳಿಂದ. ‘ಭೂತ’, ‘ವರ್ಧಮಾನ’ ಓದಿದವರು ಸಾವಿರಗಳಲ್ಲಿ ಸಿಗಬಹುದು. ‘ಮೋಹನ ಮುರಳಿ’ ಕೇಳದವರು ಸಿಗುವುದೇ ಕಷ್ಟ. ಕವಿಗೆ ಇದರಿಂದ ಸಿಟ್ಟು ಬರಬೇಕೋ ಸಂತೋಷವಾಗಬೇಕೋ, ಹೇಳುವುದು ನಮ್ಮ ಕೆಲಸವಲ್ಲ.

ಈ ಕವಿತೆಯನ್ನು ಮನೆಮನೆಗೆ ಮುಟ್ಟಿಸಿದ್ದು ಸಿನಿಮಾ. ತೊಂಬತ್ತರ ದಶಕದಲ್ಲಿ ನಾಗತಿಹಳ್ಳಿ ಚಂದ್ರಶೇಖರ್ ‘ಅಮೆರಿಕಾ ಅಮೆರಿಕಾ’ ಮಾಡಿದಾಗ ಮನೋಮೂರ್ತಿಯವರು ಇದಕ್ಕೆ ರಾಗ ಹಾಕಿದರು. ರಾಜು ಅನಂತಸ್ವಾಮಿ ಮತ್ತು ಸಂಗೀತಾ ಕಟ್ಟಿ ಹಾಡಿದರು. ಎಳೆಯಂದಿನಿಂದ ಒಟ್ಟಿಗಿದ್ದ ಮೂವರ ಕತೆ ಅದು: ಒಬ್ಬ ಊರಲ್ಲಿ ಉಳಿಯುತ್ತಾನೆ, ಒಬ್ಬ ಅಮೆರಿಕಕ್ಕೆ ಹೋಗುತ್ತಾನೆ, ಹುಡುಗಿ ಅಮೆರಿಕಕ್ಕೆ ಹೋದವನ ಕೈ ಹಿಡಿಯುತ್ತಾಳೆ. ಆ ಕತೆಯೊಳಗೆ ಕೂತದ್ದೇ ತಡ, ಕವಿತೆಯ ದೂರದ ದಡಕ್ಕೆ ಒಂದು ವಿಳಾಸ ಸಿಕ್ಕಿಬಿಟ್ಟಿತು. ವಿಮಾನ ಹತ್ತಿದರೆ ಮುಟ್ಟಬಹುದಾದ ದಡ! ಸಾಫ್ಟ್‌ವೇರ್ ಕೆಲಸಕ್ಕೆಂದು ಹುಡುಗರು ಹುಡುಗಿಯರು ದಂಡುಗಟ್ಟಿ ಹೊರಟ ಕಾಲವೂ ಅದೇ ಆದದ್ದರಿಂದ ಹಾಡು ಅವರಿಗೂ, ಅವರನ್ನು ಕಳಿಸಿಕೊಟ್ಟು ಮನೆಯಲ್ಲಿ ಕೂತ ಅಪ್ಪ ಅಮ್ಮಂದಿರಿಗೂ ಅಂಟಿಕೊಂಡಿತು. ಸಿನಿಮಾದವರು ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಒಳ್ಳೆಯ ಕವಿತೆ ಹೀಗೆ ಬೇರೆ ಬೇರೆ ಮನೆಗಳಲ್ಲಿ ಬಿಡಾರ ಹೂಡುತ್ತದೆ. 2023ರಲ್ಲಿ ಹೇಮಂತ್ ರಾವ್ ಅವರ ಎರಡು ಭಾಗದ ಚಿತ್ರವೊಂದು ತನ್ನ ಹೆಸರನ್ನೇ ಈ ಕವಿತೆಯಿಂದ ಎತ್ತಿಕೊಂಡಿತು. ಅಲ್ಲಿ ಇದು ಕೈತಪ್ಪಿದ ಪ್ರೀತಿಯ ಹಾಡಾಯಿತು.

ಹಾಗಾದರೆ ಕವಿತೆ ಏನನ್ನು ಹೇಳುತ್ತಿದೆ? ವಲಸೆಯೇ, ವಿರಹವೇ, ಭಕ್ತಿಯೇ? ಇದು ಸಾವಿನ ಕರೆ ಎನ್ನುವವರೂ ಇದ್ದಾರೆ. ದೂರದ ದಡ, ಮಲಗಿದ ಕಡಲು, ಕೈಮೀರುವ ಪ್ರಾಣ ಎಲ್ಲವನ್ನೂ ಜೋಡಿಸಿ ನೋಡಿದರೆ ಆ ಓದಿಗೂ ಸ್ವಲ್ಪ ಆಧಾರ ಇಲ್ಲದಿಲ್ಲ.

ನಾನು ಕವಿತೆಯ ರಚನೆಯಿಂದ ಶುರುಮಾಡುತ್ತೇನೆ. ಇಡೀ ಕವಿತೆಯನ್ನು ಹೊತ್ತುಕೊಂಡು ಹೋಗುವುದು ಪ್ರಶ್ನೆಗಳು. ಯಾವುದು ಕರೆಯಿತು, ಯಾವುದು ಸೆಳೆಯಿತು, ಇದೇನು, ಇದೆಂಥ ನೋವು, ಇದೆಂಥ ಬೇಡಿಕೆ ಎಂದು ಒಂದರ ಹಿಂದೆ ಒಂದು ಬರುತ್ತವೆ. ನಡುವೆ ಕೆಲವು ವರ್ಣನೆಗಳು, ಕೆಲವು ಹೇಳಿಕೆಗಳು ಇವೆ. ಆದರೆ ಒಂದು ಪ್ರಶ್ನೆಗೂ ಕವಿತೆಯೊಳಗೆ ಉತ್ತರವಿಲ್ಲ. ಕೊನೆಗೆ ಬರುವುದೂ ಮೊದಲಿನ ಪ್ರಶ್ನೆಯೇ, ಸ್ವಲ್ಪ ಬದಲಾದ ರೂಪದಲ್ಲಿ. ಇದನ್ನು ನಾವು ಎಷ್ಟು ಕಡೆಗಣಿಸಿದ್ದೇವೆ ಎಂದರೆ, ಕವಿತೆಯ ಕೊನೆಯ ಭಾಗದಲ್ಲಿ ಬರುವ ಅತಿ ಪ್ರಸಿದ್ಧ ಮಾತನ್ನು, ಕೈಯಲ್ಲಿರುವುದನ್ನು ಬಿಟ್ಟು ಇಲ್ಲದ್ದರ ಕಡೆಗೆ ಎಳೆಯುವ ಬದುಕಿನ ಮಾತನ್ನು, ನಾವೆಲ್ಲ ಒಂದು ನಾಣ್ಣುಡಿಯಾಗಿ ಬಳಸುತ್ತಿದ್ದೇವೆ. ಬೀಳ್ಕೊಡುಗೆ ಭಾಷಣದಲ್ಲಿ, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ, ಆಟೊರಿಕ್ಷಾದ ಹಿಂಬದಿಯಲ್ಲಿ. ಕೆಲವರಿಗೆ ಅದು ಉಪದೇಶ: ಇದ್ದುದರಲ್ಲಿ ತೃಪ್ತಿಪಡು. ಇನ್ನು ಕೆಲವರಿಗೆ ಅದು ಪ್ರೋತ್ಸಾಹ: ಕನಸಿನ ಹಿಂದೆ ಹೋಗು. ಒಂದೇ ಮಾತಿನಿಂದ ಎರಡು ವಿರುದ್ಧ ಬುದ್ಧಿವಾದ ಹೊರಡುತ್ತದೆ ಎಂದಮೇಲೆ ಅದು ಬುದ್ಧಿವಾದವೇ ಅಲ್ಲ ಎಂದಾಯಿತು. ಅಡಿಗರು ಅದನ್ನು ಪ್ರಶ್ನೆಯಾಗಿಯೇ ಬರೆದಿದ್ದಾರೆ. ಬದುಕೆಂದರೆ ಇಷ್ಟೇ ಏನು ಎಂದು ಕೇಳಿದ್ದಾರೆ. ಹೌದು ಎಂದಿಲ್ಲ, ಅಲ್ಲ ಎಂದೂ ಇಲ್ಲ.

ಕೇಳುತ್ತಿರುವವರು ಯಾರು, ಯಾರನ್ನು ಕೇಳುತ್ತಿದ್ದಾರೆ? ‘ನೀನು’ ಎಂಬ ಏಕವಚನದ ಸಲುಗೆ ಉದ್ದಕ್ಕೂ ಇದೆ. ಒಂದು ಕಡೆಯಂತೂ ಮನೆಯ ಅಣ್ಣ ತಮ್ಮನನ್ನು ಗದರುವ ಧಾಟಿಯೇ ಬರುತ್ತದೆ: ಇಷ್ಟು ಸಾಕು ಎಂದು ನೀನೇ ಅಂದಿದ್ದೆಯಲ್ಲೋ, ಈಗೇನು ತಕರಾರು? ಹಾಡುವಾಗ ಈ ಗದರು ಕರಗಿಹೋಗುತ್ತದೆ. ರಾಗ ಎಲ್ಲವನ್ನೂ ಒಂದೇ ಜೇನಿನಲ್ಲಿ ಅದ್ದಿಬಿಡುತ್ತದೆ. ಓದುವಾಗ ಮಾತ್ರ ಇದು ಒಬ್ಬನೇ ಮನುಷ್ಯ ತನ್ನೊಂದಿಗೆ ತಾನೇ ಆಡಿಕೊಳ್ಳುತ್ತಿರುವ ಮಾತು ಎಂದು ಗೊತ್ತಾಗುತ್ತದೆ.

ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವುದು ಕನ್ನಡಕ್ಕೆ ಹೊಸದಲ್ಲ. ಪುರಂದರದಾಸರೂ ಕನಕದಾಸರೂ ಮನಸ್ಸನ್ನು ಸಂಬೋಧಿಸಿ ಹಾಡಿದ್ದಾರೆ. ಆದರೆ ದಾಸರ ಮನಸ್ಸಿಗೆ ಕೊನೆಯಲ್ಲಿ ಉತ್ತರ ಸಿಗುತ್ತದೆ. ಅಳುಕಿದ್ದರೆ ಧೈರ್ಯ ಸಿಗುತ್ತದೆ, ಚಂಚಲವಾಗಿದ್ದರೆ ಕಟ್ಟಿಹಾಕಲು ಒಂದು ಪಾದ ಸಿಗುತ್ತದೆ, ಅಂಕಿತದಲ್ಲಿ ದೇವರು ನಿಂತಿರುತ್ತಾನೆ. ಅಡಿಗರ ಹಾಡಿಗೆ ಅಂಕಿತವಿಲ್ಲ. ಮುರಲಿ ಇದೆ, ಬೃಂದಾವನ ಇದೆ, ಊದುವವನು ಮಾತ್ರ ಕಾಣುವುದಿಲ್ಲ. ಮುರಲಿಗೆ ಕೊಟ್ಟ ವಿಶೇಷಣದಲ್ಲಿ ಅವನ ನೆರಳು ಬಿದ್ದಿದೆ, ಅಷ್ಟೆ. ಭಕ್ತಿಗೀತೆ ಎಂದು ಇದನ್ನು ಹಾಡುವವರು ಈ ಖಾಲಿ ಜಾಗವನ್ನು ಗಮನಿಸಬೇಕು.

ಭಾಗವತವನ್ನು ಪಕ್ಕದಲ್ಲಿಟ್ಟುಕೊಂಡರೆ ಈ ಖಾಲಿ ಜಾಗ ಇನ್ನೂ ಸ್ಪಷ್ಟವಾಗುತ್ತದೆ. ದಶಮಸ್ಕಂಧದ ಇಪ್ಪತ್ತೊಂಬತ್ತನೆಯ ಅಧ್ಯಾಯ, ರಾಸಪಂಚಾಧ್ಯಾಯಿಯ ಮೊದಲನೆಯದು. ಶರತ್ಕಾಲದ ಹುಣ್ಣಿಮೆ. ಕೃಷ್ಣನ ಕೊಳಲು ಕೇಳುತ್ತದೆ. ಗೋಪಿಯರು ಏನು ಮಾಡುತ್ತಿದ್ದರೋ ಅದನ್ನು ಹಾಗೆಯೇ ಬಿಟ್ಟು ಓಡುತ್ತಾರೆ. ಹಾಲು ಕರೆಯುತ್ತಿದ್ದವಳು ಕರೆಯುವುದನ್ನು ಬಿಟ್ಟಳು. ಒಲೆಯ ಮೇಲೆ ಹಾಲಿಟ್ಟವಳು ಅದನ್ನು ಇಳಿಸಲಿಲ್ಲ. ಬಡಿಸುತ್ತಿದ್ದವಳು, ಮಗುವಿಗೆ ಹಾಲೂಡುತ್ತಿದ್ದವಳು, ತಾನೇ ಉಣ್ಣುತ್ತ ಕೂತವಳು, ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದವಳು ಎಲ್ಲರೂ ಎದ್ದರು. ಬಟ್ಟೆ ಒಡವೆಗಳು ಅದಲುಬದಲಾದವು. ಓದುವವನಿಗೆ ಮೊದಲು ಕಾಣುವುದು ಅಧ್ಯಾತ್ಮವಲ್ಲ, ಅಡುಗೆಮನೆ. ಕರೆ ಬಂದದ್ದು ದಿನದ ಕೆಲಸದ ನಡುವಿಗೆ. ತಮಾಷೆಯೆಂದರೆ, ಓಡಿ ಬಂದವರಿಗೆ ಕೃಷ್ಣ ಮೊದಲು ಹೇಳುವುದು ಮನೆಗೆ ಹಿಂತಿರುಗಿ ಎಂದು. ಇದು ಘೋರವಾದ ರಾತ್ರಿ, ಮನೆಯವರು ಹುಡುಕುತ್ತಾರೆ, ಮಕ್ಕಳು ಅಳುತ್ತಿವೆ, ಹೋಗಿ ಎನ್ನುತ್ತಾನೆ. ಕರೆದವನೇ ಹೋಗೆಂದಾಗ ಅವರು ಹೋಗುವುದಿಲ್ಲ, ವಾದಿಸುತ್ತಾರೆ, ಅಳುತ್ತಾರೆ, ನಿಲ್ಲುತ್ತಾರೆ.

ಅದೇ ಅಧ್ಯಾಯದಲ್ಲಿ ಇನ್ನೂ ಕೆಲವು ಗೋಪಿಯರಿದ್ದಾರೆ. ಅವರ ಬಗ್ಗೆ ಹರಿಕಥೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅವರಿಗೆ ಹೊರಗೆ ಬರಲಾಗಲಿಲ್ಲ. ಮನೆಯೊಳಗೇ ಸಿಕ್ಕಿಬಿದ್ದರು. ಅಲ್ಲೇ ಕಣ್ಣು ಮುಚ್ಚಿ ಕೂತರು. ಕೊಳಲು ಅವರಿಗೂ ಕೇಳಿಸಿತ್ತಲ್ಲ, ಅದು ನಿಲ್ಲಲಿಲ್ಲ.

ಅಡಿಗರ ಕವಿತೆಯ ‘ನೀನು’ ಈ ಒಳಗುಳಿದ ಗೋಪಿಯ ಸಾಲಿಗೆ ಸೇರಿದವನು ಎಂದು ನನಗೆ ಅನ್ನಿಸುತ್ತದೆ. ಆದರೆ ಎರಡು ವ್ಯತ್ಯಾಸಗಳಿವೆ. ಗೋಪಿಗೆ ಕರೆದವನು ಯಾರೆಂದು ಗೊತ್ತು; ಇವನಿಗೆ ಗೊತ್ತಿಲ್ಲ. ಗೋಪಿಯನ್ನು ಒಳಗೆ ಉಳಿಸಿದ್ದು ಮನೆಯ ಗೋಡೆ. ಇವನನ್ನು ಉಳಿಸಿರುವುದು ತಾನೇ ಹಾಕಿಕೊಂಡ ಬೇಲಿ. ಕವಿತೆಯ ಎರಡನೆಯ ನುಡಿಯನ್ನು ನೆನಪಿಸಿಕೊಳ್ಳಿ. ಆಸೆಗಳನ್ನೇ ನೆಟ್ಟು ಬೆಳೆಸಿದ ತೋಟ, ಸುತ್ತ ಬೇಲಿ, ಒಳಗೆ ಇಂದ್ರಿಯಗಳೆಲ್ಲ ಸೇರಿ ಕುಣಿಯುತ್ತಿವೆ. ಮುಂದಿನ ನುಡಿಯಲ್ಲಿ ಬೇಲಿ ಪಂಜರವಾಗುತ್ತದೆ. ಗಮನಿಸಿ, ಪಂಜರದ ಸರಳು ಕಬ್ಬಿಣದ್ದಲ್ಲ. ಒಲಿದು ಬಂದ ಮೆತ್ತನೆಯ ಎದೆ, ಬೆಚ್ಚಗಿನ ಮೈಯ ಸ್ಪರ್ಶ, ಇವೇ ಸರಳುಗಳು. ಅಡಿಗರು ಸುಖವನ್ನು ಹೀಗಳೆಯುವುದಿಲ್ಲ. ವೈರಾಗ್ಯದ ಪದ್ಯಗಳಲ್ಲಿ ಹೆಣ್ಣಿನ ಮೈ ಎಂದರೆ ಮೂಳೆ, ಕೀವು, ಹುಳ ಎಂದು ಹೇಸಿಕೆ ಹುಟ್ಟಿಸುವ ಪದ್ಧತಿ ಇದೆ. ಆ ಜಾಡನ್ನು ಅವರು ಹಿಡಿಯಲಿಲ್ಲ. ಸುಖ ಸುಖವೇ. ಮೃದು ಮೃದುವೇ. ಅದರಲ್ಲಿ ಕೊರತೆ ಇಲ್ಲದಿರುವುದೇ ಇಲ್ಲಿನ ಸಂಕಟ. ಕೊರತೆ ಇದ್ದಿದ್ದರೆ ಬೇಸರಕ್ಕೆ ಒಂದು ಕಾರಣ ಸಿಗುತ್ತಿತ್ತು.

ಕಾರಣದ ಮಾತು ಬಂತು. ನಮ್ಮ ಪಂಪನ ‘ಆದಿಪುರಾಣ’ದಲ್ಲಿ, ಅಂದರೆ 941ರಲ್ಲಿ, ಇಂಥದ್ದೇ ತಿರುವು ಇದೆ. ಆದಿದೇವನ ಆಸ್ಥಾನದಲ್ಲಿ ನೀಲಾಂಜನೆ ಕುಣಿಯುತ್ತಾಳೆ. ಕುಣಿಯುತ್ತಿರುವಾಗಲೇ ಅವಳ ಆಯುಸ್ಸು ಮುಗಿದು ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣವೇ ಅವಳಂಥದೇ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ, ಆದಿದೇವನಿಗೆ ಗೊತ್ತಾಗುತ್ತದೆ. ಅಲ್ಲಿಂದ ಅವನ ವೈರಾಗ್ಯ. ಸಿದ್ಧಾರ್ಥನಿಗೂ ಮುಪ್ಪು, ರೋಗ, ಸಾವು ಕಣ್ಣಿಗೆ ಬೀಳಬೇಕಾಯಿತು. ಹಳೆಯ ಕಾವ್ಯಗಳು ಮನುಷ್ಯ ಮನೆ ಬಿಡುವುದಕ್ಕೆ ನೆಪವನ್ನು ಒದಗಿಸುತ್ತವೆ, ಬಿಟ್ಟಮೇಲೆ ಹೋಗುವ ದಾರಿಯನ್ನೂ ತೋರಿಸುತ್ತವೆ. ಅಡಿಗರ ಮನುಷ್ಯನ ಎದುರು ಯಾರೂ ಸಾಯುವುದಿಲ್ಲ. ಏನೋ ಉಜ್ಜಿತು, ಏನೋ ತಗುಲಿತು ಎಂದಷ್ಟೇ ಕವಿತೆ ಹೇಳುತ್ತದೆ. ಆ ‘ಏನೋ’ ಯಾವುದೆಂದು ಅವನಿಗೂ ತಿಳಿಯದು.

ಈ ಉಜ್ಜುವ, ತಗಲುವ ಮಾತು ಬರುವುದು ಕವಿತೆಯ ನಡುವೆ, ಮರದೊಳಗೆ ಅಡಗಿರುವ ಬೆಂಕಿಯ ಚಿತ್ರದಲ್ಲಿ. ನನ್ನ ಮಟ್ಟಿಗೆ ಇಡೀ ಕವಿತೆಯ ಕೀಲಿ ಇಲ್ಲಿದೆ. ಅರಣಿಯ ಕಟ್ಟಿಗೆಯಲ್ಲಿ ಬೆಂಕಿ ಕಾಣದೆ ಇರುತ್ತದೆ, ಕಡೆದಾಗ ಹೊತ್ತುತ್ತದೆ. ಯಜ್ಞಶಾಲೆಯಲ್ಲಿ ದಿನವೂ ಕಂಡ ಈ ಸಂಗತಿಯನ್ನು ಉಪನಿಷತ್ತುಗಳು ಉಪಮೆಯಾಗಿ ಬಳಸಿದವು. ಕಠೋಪನಿಷತ್ತಿನಲ್ಲಿ ಇದೆ, ಶ್ವೇತಾಶ್ವತರದಲ್ಲಿ ಇನ್ನೂ ಬಿಡಿಸಿ ಹೇಳಿದೆ: ದೇಹವೇ ಕೆಳಗಿನ ಅರಣಿ, ಪ್ರಣವವೇ ಮೇಲಿನ ಅರಣಿ, ಧ್ಯಾನದಿಂದ ಕಡೆದರೆ ಅಡಗಿದ ದೇವರು ಕಾಣುತ್ತಾನೆ. ನಮ್ಮ ವಚನಕಾರರಿಗೂ ವಸ್ತುವಿನೊಳಗೆ ಅಡಗಿದ ಕಿಚ್ಚು ಪ್ರಿಯವಾದ ಚಿತ್ರ. ಅಲ್ಲಿ ಅಡಗಿರುವುದು ಶಿವ. ಸಾವಿರಾರು ವರ್ಷಗಳ ಈ ಉಪಮೆಯನ್ನು ಅಡಿಗರು ಎತ್ತಿಕೊಂಡರು, ಒಳಗಿನ ದೇವರನ್ನು ತೆಗೆದರು, ಆ ಜಾಗದಲ್ಲಿ ಬೇಸರವನ್ನು ಇಟ್ಟರು.

ಎಂಥ ಧೈರ್ಯ! ಮರದಲ್ಲಿ ಮಲಗಿರುವುದು ಬೇಸರ. ಹೊತ್ತಿ ಉರಿಯುವುದು ಕಾತರ. ಬೇಸರವೆಂದರೆ ಮಂಕು ಎಂದು ನಾವು ತಿಳಿದಿದ್ದೇವೆ, ಕೈಕಾಲು ಆಡದ ಸ್ಥಿತಿ ಎಂದುಕೊಂಡಿದ್ದೇವೆ. ಅಡಿಗರು ಅದನ್ನು ಇಂಧನ ಎನ್ನುತ್ತಾರೆ. ಮರ ಬೆಂಕಿಯನ್ನು ಹೊರಗಿನಿಂದ ತಂದುಕೊಳ್ಳುವುದಿಲ್ಲ, ಅದು ಮರದ್ದೇ. ಹಾಗೆಯೇ ಈ ಬೇಸರ ಸುಖದ ಹೊರಗಿನಿಂದ ಬಂದ ಶತ್ರುವಲ್ಲ, ಸುಖದೊಳಗೇ ಮೊದಲಿನಿಂದ ಇದ್ದದ್ದು. ತೃಪ್ತಿ ಮತ್ತು ಅತೃಪ್ತಿ ಎರಡು ಪಕ್ಷಗಳಾಗಿ ಎದುರುಬದುರು ನಿಂತು ಕಾದಾಡುತ್ತಿಲ್ಲ. ಒಂದೇ ಕಟ್ಟಿಗೆಯಲ್ಲಿ ಎರಡೂ ಇವೆ. ಒಳಗಿನ ಹೋರಾಟವನ್ನು ದೇವಾಸುರರ ಯುದ್ಧದಂತೆ, ಒಳ್ಳೆಯದು ಕೆಟ್ಟದ್ದರ ಜಟಾಪಟಿಯಂತೆ ಹೇಳುವ ಹಾಡುಗಳು ಬೇಕಾದಷ್ಟಿವೆ. ಅವುಗಳಲ್ಲಿ ನಮಗೆ ಯಾವ ಪಕ್ಷ ಹಿಡಿಯಬೇಕೆಂದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಪಕ್ಷ ಹಿಡಿಯಲು ಬರುವುದಿಲ್ಲ. ಬೆಂಕಿಯ ಪರ ನಿಂತರೆ ಮರ ಸುಡುತ್ತದೆ, ಮರದ ಪರ ನಿಂತರೆ ಒಳಗಿನ ಬೆಂಕಿಯನ್ನು ಇಲ್ಲವೆನ್ನಬೇಕಾಗುತ್ತದೆ.

ಆಮೇಲೆ ಕಡಲು ಬರುತ್ತದೆ. ಏಳು ಕಡಲುಗಳ ಆಚೆ ಎಲ್ಲೋ ನಿದ್ದೆಯಲ್ಲಿರುವ ಇನ್ನೊಂದು ಕಡಲು, ಇನ್ನೂ ಹುಟ್ಟದ ಅದರ ಅಲೆಗಳು, ಆ ಹುಟ್ಟದ ಅಲೆಗಳ ಸದ್ದಿಲ್ಲದ ಸದ್ದು ಇಲ್ಲಿಯವರೆಗೆ ಹಾದುಬಂತೇ ಎಂದು ಪ್ರಶ್ನೆ. ಕಡಲ ದಂಡೆಯ ಊರಿನ ಕವಿ ಬರೆದ ಸಾಲು ಇದು ಎಂದು ಸುಮ್ಮನೆ ಮೆಚ್ಚಿ ಮುಂದೆ ಹೋಗುತ್ತೇವೆ. ಅಲ್ಲಿ ಒಂದು ಗಳಿಗೆ ನಿಲ್ಲಬೇಕು. ಅಲೆ ಇನ್ನೂ ಮೊಳಕೆಯೊಡೆದೇ ಇಲ್ಲ. ಹಾಗಿದ್ದಮೇಲೆ ಇದು ಅಮೆರಿಕ ಹೇಗಾದೀತು? ಕೈತಪ್ಪಿದ ಪ್ರಿಯತಮೆ ಹೇಗಾದೀತು? ಕಳೆದುಹೋದದ್ದಕ್ಕೆ ಹಂಬಲಿಸುವವನಿಗೆ ತಾನು ಏನು ಕಳಕೊಂಡೆ ಎಂದು ಗೊತ್ತಿರುತ್ತದೆ. ಅವಳ ಹೆಸರು, ಆ ಊರು, ಆ ವರ್ಷ. ಈ ಕವಿತೆಯಲ್ಲಿ ಹಿಂದಿನದು ಎಂಬುದೊಂದು ಇದ್ದರೆ ಅದು ತೃಪ್ತಿಯಷ್ಟೇ, ಇಷ್ಟು ಸಾಕು ಎಂದಿದ್ದ ಕಾಲ. ಹಂಬಲ ಇರುವುದು ಇನ್ನೂ ಹುಟ್ಟಿಯೇ ಇಲ್ಲದ್ದರ ಕಡೆಗೆ. ಎರಡು ಸಿನಿಮಾಗಳೂ ಕವಿತೆಗೆ ಕೊಟ್ಟ ಅರ್ಥ ಚಿಕ್ಕದಾಯಿತು ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ. ಸಾವಿನ ಕರೆ ಎಂಬ ಓದೂ ಇಲ್ಲಿ ಸೋಲುತ್ತದೆ. ಸಾವು ಎಲ್ಲರಿಗೂ ಗೊತ್ತಿರುವ ಕಡಲು. ಅದರ ಅಲೆ ಹುಟ್ಟಿ ಬಹಳ ಕಾಲವಾಯಿತು.

ಇದಕ್ಕೂ ಮುಂಚೆ ನೋವಿಗೂ ಬೇಡಿಕೆಗೂ ಕವಿ ಕೊಟ್ಟ ವಿಶೇಷಣಗಳನ್ನು ನೋಡಿ. ನೋವು ಸಿಹಿಯಾದದ್ದು, ಬೇಡಿಕೆ ದೇವಲೋಕದ್ದು. ಬೇಡುತ್ತಿರುವವರು ಯಾರು? ನಾವು ಮೇಲಿನದನ್ನು ಬೇಡುತ್ತಿದ್ದೇವೆ ಎಂದು ಸಲೀಸಾಗಿ ಓದಿಬಿಡುತ್ತೇವೆ. ಕೊನೆಯ ನುಡಿಗೆ ಹೋದಾಗ ಅನುಮಾನ ಬರುತ್ತದೆ. ಮೊದಲ ನುಡಿಯಲ್ಲಿ ಬೃಂದಾವನ ದೂರದಿಂದ ಕಣ್ಣನ್ನಷ್ಟೇ ಸೆಳೆದಿತ್ತು, ಮಣ್ಣಿನಿಂದಾದ ಕಣ್ಣನ್ನು. ಕೊನೆಯಲ್ಲಿ ಅದೇ ಬೃಂದಾವನ ಮಿಂಚಿನಂಥ ಕೈಯನ್ನು ಇವನ ಕಡೆಗೆ ಚಾಚುತ್ತದೆ. ನೋಟಕ್ಕೆ ಮಾತ್ರ ನಿಲುಕುತ್ತಿದ್ದದ್ದು ಮುಟ್ಟುವಷ್ಟು ಹತ್ತಿರ ಬಂತು. ಚಾಚಿದ ಕೈ ಕೊಡುವವನದೂ ಆಗಬಹುದು, ಬೇಡುವವನದೂ ಆಗಬಹುದು. ಮನುಷ್ಯನೊಬ್ಬನೇ ಆಚೆಯದನ್ನು ಬಯಸುತ್ತಿಲ್ಲ, ಆಚೆಯದಕ್ಕೂ ಇವನು ಬೇಕಾಗಿದ್ದಾನೆ ಎನ್ನುವ ಓದಿಗೆ ಕವಿತೆ ಎಡೆ ಮಾಡಿಕೊಟ್ಟಿದೆ. ಇದನ್ನು ನಾನು ಖಚಿತವಾಗಿ ಸಾಧಿಸಲಾರೆ. ಆದರೆ ಈ ಓದು ನನಗೆ ಇಷ್ಟ.

ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’ ಇಲ್ಲಿ ನೆನಪಾಗದೆ ಇರುವುದಿಲ್ಲ. ಬಿ.ವಿ. ಕಾರಂತರ ರಂಗಸಂಗೀತದಲ್ಲಿ ಅದನ್ನು ನೋಡಿದವರು ನಿಮ್ಮಲ್ಲಿ ಇರಬಹುದು. ಅಲ್ಲಿ ಹೊರಡುವವನು ಕೃಷ್ಣನೇ. ಗೋಕುಲವನ್ನೂ ಕೊಳಲನ್ನೂ ಬಿಟ್ಟು ಮಧುರೆಯ ಕರ್ತವ್ಯಕ್ಕೆ ಹೋಗುತ್ತಾನೆ. ಹೊರಡುವವನ ಮುಂದೆ ಸ್ಪಷ್ಟವಾದ ಕೆಲಸವಿದೆ, ಹಿಂದೆ ಉಳಿದವರ ಕಣ್ಣೀರಿದೆ. ಅದೇ ಪೀಳಿಗೆಯ ಕಾವ್ಯದ ಗಾಳಿಯನ್ನು ಉಸಿರಾಡುತ್ತಿದ್ದ ಕಿರಿಯ ಅಡಿಗರ ಕೈಯಲ್ಲಿ ಕೊಳಲು ಉಳಿಯಿತು, ಕೃಷ್ಣ ಹೋದ, ಕರ್ತವ್ಯವೂ ಹೋಯಿತು. ಇನ್ನು ಕೆಲವೇ ವರ್ಷಗಳಲ್ಲಿ ಈ ಕವಿ ನವ್ಯನಾಗುತ್ತಾನೆ ಎಂಬುದರ ಸುಳಿವು ಇಲ್ಲಿದೆ. ನುಣುಪಾದ ಪದಗಳ ಒಳಗೆ ಆಗಲೇ ಬಿರುಕು ಬಿದ್ದಿದೆ.

ಛಂದಸ್ಸಿನ ಒಂದು ಮಾತು ಹೇಳಬೇಕು. ಈ ಕವಿತೆ ನಡೆಯುವುದು ಮೂರು ನಾಲ್ಕು ಮಾತ್ರೆಗಳ ಜೋಡಿನಡೆಯಲ್ಲಿ. ಮೂರು, ನಾಲ್ಕು, ಮತ್ತೆ ಮೂರು, ನಾಲ್ಕು. ಇದು ಕುಮಾರವ್ಯಾಸನ ಭಾಮಿನಿಯ ನಡೆ. ಅಡಿಗರ ಊರಿನ ಕಡೆಯ ಯಕ್ಷಗಾನ ಪ್ರಸಂಗಗಳಲ್ಲೂ ಭಾಮಿನಿ ಷಟ್ಪದಿ ಬೇಕಾದಷ್ಟು ಸಿಗುತ್ತದೆ. ಮೂರು ಮಾತ್ರೆಯಲ್ಲಿ ಹೆಜ್ಜೆ ಚಿಕ್ಕದು, ನಾಲ್ಕರಲ್ಲಿ ಸ್ವಲ್ಪ ಉದ್ದ. ಕುಂಟಿದಂತೆ ಕೇಳದೆ ಮುಂದಕ್ಕೆ ವಾಲಿದಂತೆ ಕೇಳುತ್ತದೆ. ಎರಡೂ ಸಮನಾಗಿದ್ದಿದ್ದರೆ ತೂಗುಮಂಚದ ಲಾಲಿಯಾಗುತ್ತಿತ್ತು. ಬೇಕಿದ್ದರೆ ಮೇಜಿನ ಮೇಲೆ ಬೆರಳಿನಿಂದ ತಟ್ಟಿ ನೋಡಿ: ಮನಸ್ಸು ಬೇಲಿಯ ಕಡೆಗೆ ವಾಲಿ, ನಿಂತು, ಮತ್ತೆ ವಾಲುವುದು ಬೆರಳಿಗೇ ತಿಳಿಯುತ್ತದೆ.

ಸರಿ, ಕೊನೆಗೆ ಆ ಮನುಷ್ಯ ಹೋದನೇ, ಉಳಿದನೇ? ತರಗತಿಯಲ್ಲಿ ಈ ಕವಿತೆ ಪಾಠ ಮಾಡಿದ ಮೇಷ್ಟ್ರುಗಳಿಗೆಲ್ಲ ಎದುರಾಗಿರುವ ಪ್ರಶ್ನೆ ಇದು. ಹುಡುಗರಿಗೆ ಉತ್ತರ ಬೇಕು, ಪರೀಕ್ಷೆಗೂ ಬೇಕು. ಕವಿತೆಯಲ್ಲಿ ಅವನು ಹೋಗುವುದಿಲ್ಲ. ಉಳಿದ ಎಂದೂ ಹೇಳಿಲ್ಲ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳು ಕೂತಿವೆ. ಒಂದು ಹಣ್ಣು ತಿನ್ನುತ್ತಿದೆ, ಇನ್ನೊಂದು ತಿನ್ನದೆ ನೋಡುತ್ತಿದೆ. ಅಡಿಗರ ಕವಿತೆಯಲ್ಲಿ ಪ್ರಶ್ನೆ ಕೇಳುತ್ತಿರುವುದು ಆ ಎರಡನೆಯ ಹಕ್ಕಿ ಎಂದು ನಾನು ಓದುತ್ತೇನೆ. ಅದು ತಿನ್ನುವ ಹಕ್ಕಿಯನ್ನು ತಡೆಯುವುದೂ ಇಲ್ಲ, ಹಾರಿಹೋಗೆಂದು ಪುಸಲಾಯಿಸುವುದೂ ಇಲ್ಲ. ಮುಂದೆ ಒಂದು ಪತ್ರಿಕೆ ತೆಗೆದಾಗ ಅಡಿಗರು ಅದಕ್ಕೆ ‘ಸಾಕ್ಷಿ’ ಎಂದೇ ಹೆಸರಿಟ್ಟರು. ಈ ಸಾಕ್ಷಿಯ ನಿಲುವು ಅವರಿಗೆ ಎಷ್ಟು ಮುಖ್ಯವಾಗಿತ್ತು ಎನ್ನುವುದಕ್ಕೆ ಬೇರೆ ಪುರಾವೆ ಬೇಡ. ಉಪನಿಷತ್ತಿನ ಹಕ್ಕಿಗೆ ನೆಮ್ಮದಿ ಇದೆ, ಅಡಿಗರ ಹಕ್ಕಿಗೆ ಇಲ್ಲ. ಅದು ಕೇಳುತ್ತ ಕೇಳುತ್ತ ತಾನೂ ತಳಮಳಗೊಂಡಿದೆ. ಕೊನೆಯ ನುಡಿಗಳಲ್ಲಿ ಒಂದು ಉದ್ಗಾರ ಬರುತ್ತದೆಯಲ್ಲ, ಅದು ತಟಸ್ಥನ ದನಿಯಲ್ಲ.

ಒಳಗಿನ ಹೋರಾಟದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗೆದ್ದಮೇಲೆ ಬರೆಯುತ್ತಾರೆ, ಇಲ್ಲವೇ ಸೋತಮೇಲೆ. ಎರಡರಲ್ಲೂ ಒಂದು ಬಗೆಯ ನೆಮ್ಮದಿ ಇದೆ, ಏಕೆಂದರೆ ಆಗಬೇಕಾದದ್ದು ಆಗಿಹೋಗಿದೆ. ‘ಮೋಹನ ಮುರಳಿ’ ಬರೆದದ್ದು ನಡುವಿನಲ್ಲಿ ನಿಂತು. ನಿರ್ಧಾರಕ್ಕೆ ಮುಂಚಿನ ಆ ಹೊತ್ತು ಬದುಕಿನಲ್ಲಿ ಬಹಳ ದೀರ್ಘವಾಗಿರುತ್ತದೆ, ಕಾವ್ಯದಲ್ಲಿ ಬಹಳ ಕಡಿಮೆ ಸಿಗುತ್ತದೆ. ಮದುವೆಯಾಗಿ, ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಯಾವ ಕೊರತೆಯೂ ಇಲ್ಲದೆ ಒಂದು ಸಂಜೆ ಸುಮ್ಮನೆ ಕೂತಿರುವಾಗ ಎದೆಯಲ್ಲಿ ಏನೋ ಚುರುಕ್ಕೆಂದು, ಹೆಂಡತಿಗೋ ಗಂಡನಿಗೋ ಅದನ್ನು ಹೇಳಲು ಮಾತು ಸಿಗದೆ, ಹೇಳಿದರೆ ನಿನಗೇನು ಕಡಿಮೆಯಾಗಿದೆ ಎಂದು ಕೇಳಿಸಿಕೊಳ್ಳಬೇಕಾಗುತ್ತದೆ ಎಂದು ಹೆದರಿ ಸುಮ್ಮನಾದವರು ಎಷ್ಟೋ ಜನ. ಅವರ ಪರವಾಗಿ ಈ ಕವಿತೆ ಮಾತಾಡುತ್ತದೆ. ಅವರಿಗೆ ಮನೆ ಬಿಡಿ ಎಂದೂ ಹೇಳುವುದಿಲ್ಲ, ಸುಮ್ಮನೆ ಬಿದ್ದಿರಿ ಎಂದೂ ಹೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಭಾವಗೀತೆ ಹಾಡುವವರಲ್ಲಿ ಒಂದು ಕೋರಿಕೆ ಇದೆ. ಸುಗಮ ಸಂಗೀತದಲ್ಲಿ ಸಮಯಕ್ಕೆ ಹೊಂದಿಸಲು ಒಂದೆರಡು ನುಡಿ ಬಿಟ್ಟು ಹಾಡುವುದು ರೂಢಿ. ಈ ಕವಿತೆಯಲ್ಲಿ ಯಾವ ನುಡಿಯನ್ನು ಬಿಟ್ಟರೂ ಮರದ ಬೆಂಕಿಯ ನುಡಿಯನ್ನು ಬಿಡಬೇಡಿ. ಅದಿಲ್ಲದೆ ಹಾಡು ಬರೀ ವಿರಹಗೀತೆಯಾಗುತ್ತದೆ. ಜೀವನದ ಪ್ರಶ್ನೆ ಬರುವ ಕಡೆ ದನಿಯನ್ನು ಇಳಿಸಿ ಮುಗಿಸದೆ, ಪ್ರಶ್ನೆಗೆ ತಕ್ಕಂತೆ ಮೇಲೆ ಎತ್ತಿ ನಿಲ್ಲಿಸಿ. ಕೇಳುಗರೂ ಅಷ್ಟೆ, ಹಾಡನ್ನು ಎಷ್ಟು ಸಲ ಬೇಕಾದರೂ ಕೇಳಿ, ಆದರೆ ಒಮ್ಮೆ ಅಡಿಗರ ಸಮಗ್ರ ಕಾವ್ಯವನ್ನು ಗ್ರಂಥಾಲಯದಿಂದ ತಂದು, ರಾಗವನ್ನು ಪಕ್ಕಕ್ಕಿಟ್ಟು ಇದನ್ನು ಗಟ್ಟಿಯಾಗಿ ಓದಿಕೊಳ್ಳಿ.